ಹಲ್ಲಿಲ್ಲದ ಜಪಾನಿ

ದುರ್ಗಿಗುಡಿಯಲ್ಲಿ, ಹೊಲಿಗೆ ಮೆಷಿನ್ನು ರಿಪೇರಿ ಅಂಗಡಿ ಮೇಲೆ
ಒಂದು ಕೋಣೆ, ಆರು ಕುರ್ಚಿ, ಗೊಣಗುವ ಫ್ಯಾನು.
ನರ್ಸಿಂಗ್ ಮುಗಿಸಿ ಬಂದ ಹುಡುಗಿಯರಿಗೆ
ನೀರು, ಅನ್ನ, ನೋವು, ಉಚ್ಚೆ
ಇಷ್ಟು ಮೊದಲು ಕಲಿಸುತ್ತೇನೆ.
ನಮಸ್ಕಾರ ಆಮೇಲೆ.

ಮೊಬೈಲಿನೊಳಗಿನ ಹೆಂಗಸಿನದು
ಇಸ್ತ್ರಿ ಹಾಕಿದ ಜಪಾನಿ.
ಅದನ್ನೇ ನಾನು ಹೇಳಿದರೆ ಮುಬೀನಾ ಪೆನ್ನು ಎತ್ತುತ್ತಾಳೆ:
"ಮೇಡಂ, ಅವಳು 'ಸ' ಅಂತಾಳೆ,
ನಿಮ್ಮದು 'ಹ' ಥರ ಕೇಳ್ತದಲ್ಲ?"

ಏನು ಹೇಳಲಿ ಮಾರಾಯ್ತಿ,
ನಾನು ಕಲಿತದ್ದು ರಾತ್ರಿ ಪಾಳಿಯಲ್ಲಿ,
ಹಲ್ಲುಸೆಟ್ಟು ಲೋಟದ ನೀರಲ್ಲಿ ಮಲಗಿದ ಮೇಲೂ
ಎಚ್ಚರವಿರುವ ಬಾಯಿಗಳಿಂದ.

ನೀಗಾತಾ. ಕಿಟಕಿಯ ಅರ್ಧಕ್ಕೆ ಹಿಮ.
ಮೊದಲ ಆರು ತಿಂಗಳು ನನ್ನ ಹತ್ತಿರ ಇದ್ದದ್ದು
"ದೈಜೋಬು" ಒಂದೇ.
ನಮ್ಮ "ಪರವಾಗಿಲ್ಲ"ದ ಹಾಗೆ
ಚಹಾ ಬೇಡ ಅನ್ನಲೂ ಅದೇ,
ಜಾರಿಬಿದ್ದು ಮೊಣಕಾಲು ಸುಲಿದಾಗಲೂ ಅದೇ.
ಆ ಒಂದು ಶಬ್ದದೊಳಗೇ ಸಂಸಾರ ಮಾಡಿದೆ.
"ಚೊತ್ತೊ..." ಎಂದು ಅವರು ಅರ್ಧಕ್ಕೆ ನಿಲ್ಲಿಸಿದರೆ
ಉಳಿದರ್ಧಕ್ಕೆ ಕಾಯುತ್ತಿದ್ದೆ, ಬಕೆಟ್ಟು ಹಿಡಿದು.
ಅದರರ್ಥ "ಆಗಲ್ಲ" ಅಂತ ತಿಳಿಯಲು
ಒಂದು ಚಳಿಗಾಲ ಹೋಯಿತು.
ನಮ್ಮ ಸೋದರತ್ತೆ ಜೀವಮಾನವಿಡೀ
"ನೋಡಾಣ" ಅಂದದ್ದೂ ಅದನ್ನೇ ಅಲ್ಲವೇ.

ತೊಮಿ-ಸಾನ್‌ಗೆ ತೊಂಬತ್ತೊಂದು.
ಹೇಗಿದ್ದೀ ಅನ್ನಲು ಪುಸ್ತಕದಲ್ಲಿಲ್ಲದ ಮಾತು ಅವಳದು:
"ನಜಿರಾನೆ?"
ಬೆಲ್ಲದ ಚೂರಿನಂತೆ ಅದನ್ನು ಕೆನ್ನೆಯಲ್ಲಿಟ್ಟುಕೊಂಡು
ಸಂದರ್ಶನಕ್ಕೆ ಹೋದೆ.
ಕೋಟು ತೊಟ್ಟ ಹುಡುಗ ಬಾಯಿಗೆ ಕೈ ಅಡ್ಡ ಹಿಡಿದ:
"ನಮ್ಮ ಮುತ್ತಜ್ಜಿ ಹೀಗೆ ಮಾತಾಡುತ್ತಿದ್ದರು.
ನಿಮಗೆಲ್ಲಿ ಸಿಕ್ಕಿತು?"
ಬೆನ್ನು ತಿಕ್ಕುವಾಗ, ಎಂದೆ.
ಅವನು ನಗು ನಿಲ್ಲಿಸಿ ಏನನ್ನೋ ಬರೆದುಕೊಂಡ.

ಪಾಳಿ ಮುಗಿಸಿ ನಾನು ಸಯೋನಾರಾ ಅಂದರೆ
ಅಂಗಿಯ ತುದಿ ಹಿಡಿದು ತಲೆಯಾಡಿಸುತ್ತಿದ್ದಳು.
"ಇತ್ತೆಕಿಮಾಸ್ ಅನ್ನು."
ಸ್ವಂತ ಮನೆಯಿಂದ ಹೊರಡುವವರ ಮಾತು ಅದು.
ಇದು ಯಾರ ಮನೆ ಎಂಬುದು ಅವಳಿಗೆ ಮರೆತಿತ್ತೋ,
ನನಗೇ ಗೊತ್ತಿರಲಿಲ್ಲವೋ.
ಬಸ್ಸಿನಲ್ಲಿ ಬಿಡಿಸಿ ನೋಡಿದೆ:
ಹೋಗಿ, ಬರುತ್ತೇನೆ.
ಅಷ್ಟೇ. ನಮ್ಮದೇ.
ಬರೀ "ಹೋಗ್ತೀನಿ" ಅಂದರೆ ಬಾಯಿಗೆ ಹೊಡೆಯುತ್ತಿದ್ದ
ಮಂಡಗದ್ದೆಯ ದೊಡ್ಡಮ್ಮ
ಆ ಹಿಮದಲ್ಲಿ ಚಪ್ಪಲಿ ಹುಡುಕುತ್ತಾ ನಿಂತಂತಾಯಿತು.

ಮಾರ್ಚಿನಲ್ಲೊಂದು ಬೆಳಿಗ್ಗೆ ನಾನು ಬಂದಾಗ
ಹಾಸಿಗೆ ಸುತ್ತಿಟ್ಟಿದ್ದರು,
ಲೋಟ ತೊಳೆದು ಬೋರಲು ಹಾಕಿದ್ದರು.
ಬಂದೆ ಅನ್ನುವುದಕ್ಕೂ ಅವರಲ್ಲಿ ಒಂದು ಮಾತಿದೆ.
ಅನ್ನಲಿಲ್ಲ.

ಆರೂವರೆ. ಕೆಳಗೆ ಮೆಷಿನ್ನಿನ ಸದ್ದು ನಿಂತಿದೆ.
ಸಾಗರದ ಬಸ್ಸು, ರಿಪ್ಪನ್‌ಪೇಟೆ ಬಸ್ಸು,
ಹುಡುಗಿಯರು ಓಡಬೇಕು.
ಬಾಗಿಲಲ್ಲಿ ಒಬ್ಬೊಬ್ಬಳೂ ಬಾಗಿ,
ಬಾಯಿ ತುಂಬ ಗಟ್ಟಿ ಹಲ್ಲಿಟ್ಟುಕೊಂಡು
ಕೊನೆಯ ಸಕಾರವನ್ನು ಮಾತ್ರ ವಸಡಿಗೆ ಜಾರಿಸಿ:
"ಇತ್ತೆಕಿಮಾಹ್."

ತಿದ್ದಬೇಕು.
ಮುಂದಿನ ತಿಂಗಳು ಪರೀಕ್ಷೆ.
ನಾಳೆ ತಿದ್ದುತ್ತೇನೆ.