ನೂರಕ್ಕ ಹನ್ನೆರಡು

"ನೂರಕ್ಕೆ ಹನ್ನೆರಡು," ಅಂದ ಡಾಕ್ಟರ.
ಸಣ್ಣ ಹುಡುಗ, ದಾವಣಗೆರಿ ಕಡೀ ಮಾತು.
"ಬೇರೆಯವರಿಗೆ ಎರಡೋ ಮೂರೋ ಇರುತ್ತೆ.
ನಿಮಗೆ ಶುಗರ್ ಇದೆ, ಕಿಡ್ನಿ ಸೋತಿದೆ,
ಶ್ವಾಸಕೋಶದ ತುಂಬ ಕಲ್ಲಿನ ಧೂಳು."

ಆ ಲೆಕ್ಕ ನನಗ ಗೊತ್ತದ.
ಶಹಾಬಾದದ ಡಿಪೋದಾಗ ಇಪ್ಪತ್ತಾರು ವರ್ಷ
ಪರ್ಸಿ ಎಣಿಸಿ ಲಾರಿಗಿ ಏರಿಸಿದವ ನಾನು.
ಸೊಲ್ಲಾಪುರ ಮುಟ್ಟೂದ್ರಾಗ
ನೂರಕ್ಕ ಹನ್ನೆರಡು ಒಡೀತಿದ್ದವು.
ವಹಿಯಾಗ ಅದಕ್ಕೇ ಒಂದು ಖಾನಿ: ಫೂಟ.
ಕೆಂಪು ಶಾಯಿಲೆ ಬರದು, ಕೈ ಝಾಡಿಸಿ
ಚಾ ಕುಡೀಲಿಕ್ಕ ಹೋಗ್ತಿದ್ದೆ.
ಆ ಹನ್ನೆರಡು ಯಾವ್ಯಾವು ಅಂತ
ಒಂದಿನಾನೂ ತಿರುಗಿ ನೋಡಲಿಲ್ಲ.

ಧೂಳು ಅದಕ್ಕೂ ಮೊದಲಿಂದು.
ಪಾಲಿಶ ಮಿಷಿನ್ನಿನ ಮುಂದ, ಮಾರಿಗಿ ಟಾವೆಲ್ ಸುತ್ತಿ, ಹತ್ತು ವರ್ಷ.
ಸಂಜಿಗಿ ಹುಬ್ಬು ರೆಪ್ಪಿ ಎಲ್ಲಾ ಬಿಳಿ.
"ಮದುವ್ಯಾದ ವರ್ಷಾನೇ ಮುದುಕನ ಮಾರಿ ನೋಡಿದೆ" ಅಂತ
ಗುಂಡಮ್ಮ ನಗ್ತಿದ್ದಳು.

ಖಾಜಾಮಿಯಾ ಇದ್ದ ಆಗ, ಖಣಿಯಾಗ.
ಸುತ್ತಿಗಿ ಹಿಂದಿನ ಮಗ್ಗಲಲೆ ಮೆಲ್ಲಕ ಬಡದು
ಕಿವಿ ಕೊಟ್ಟು ಹೇಳ್ತಿದ್ದ.
ಟಣ್ ಅಂದ್ರ ಹೋಗ್ತದ,
ಡಬ್ ಅಂದ್ರ ಒಳಗ ಸೀಳದ.
ಇವತ್ತ ಮುಂಜಾನೆ ಆ ಹುಡುಗ
ತಣ್ಣನ ಬಿಲ್ಲಿ ಎದಿಮ್ಯಾಲ ಇಟ್ಟಾಗ
ಅವನ ಮಾರೀನೇ ನೋಡಕೋತ ಕೂತೆ.
ಟಣ್ಣೋ ಡಬ್ಬೋ ಏನೂ ಹೇಳಲಿಲ್ಲ, ಬರಕೊಂಡ.
ನೀಲಿ ಶಾಯಿ ಇತ್ತು. ಅಷ್ಟು ನೋಡಿದೆ.

"ಮಾಡಸಲಿಲ್ಲಂದ್ರ?" ಕೇಳಿದಳು ಜಗದೇವಿ.
"ಆರು ತಿಂಗಳು. ಭಾಳಂದ್ರ ವರ್ಷ," ಅಂದ,
ನಮ್ಮ ಮಾತು ಕಲತಾನ ಪಾಪ, 'ಭಾಳ' ಅಂದ.
ಕಾಗದ ಆಕೀನೇ ಓದಿ ಹೇಳಿದಳು, ಒಂದೊಂದೇ ಸಾಲು.
ಒಂದು ಸಾಲಿಗಿ ನಿಂತಳು,
ನೀರು ಕುಡದು ಬಂದು ಅದನ್ನ ಬಿಟ್ಟು ಮುಂದಿಂದು ಓದಿದಳು.
ನಾ ವಹಿಯಾಗ ಮಾಡಿದಂಗೇ ಸಹಿ ಮಾಡಿದೆ,
ಕೊನೀಗಿ ಒಂದು ಗೆರಿ ಎಳದು.

ಬಾಜೂ ಕಾಟಿನ ಆಳಂದದ ಭೀಮಶಾ
ಕೊಯ್ದು ಮೂರು ದಿನ ಆತು.
ಕೆಮ್ಮು ಬಂದ್ರ ತಲಿದಿಂಬು ಎದಿಗಿ ಅವಚಕೋತಾನ,
ಕೂಸಿಗಿ ಅವಚಕೊಂಡಂಗ.
"ಅಂಜಬ್ಯಾಡ," ಅಂತಾನ. ಮತ್ತ ಕೆಮ್ಮತಾನ.

ಸಂಜಿಗಿ ವಾರ್ಡಿನ ಹುಡುಗ ಬಂದು ಎದಿ ಬೋಳಸಿದ.
"ಅಜ್ಜಾ, ಲಿಂಗ ತಗೀಬೇಕಾಗ್ತದ."
ನಲವತ್ತು ವರ್ಷದಾಗ ಮೊದಲ ಸಲ ಎದಿ ಬರೀದಾತು.
ಗುಂಡಮ್ಮ ಎಡಗೈ ಚಾಚಿ ತಗೊಂಡು ಮುಷ್ಟಿ ಮುಚ್ಚಿದಳು.
ಬುತ್ತಿ ಗಂಟು ಹಲ್ಲಿಲೆ ಬಿಚ್ಚಿ,
ಒಂದೇ ಕೈಲೆ ರೊಟ್ಟಿ ಮುರದು ಉಂಡಳು.
ಇನ್ನೂ ತಗದಿಲ್ಲ ಆ ಮುಷ್ಟಿ.
ಕುರ್ಚಿಮ್ಯಾಲ ಹಂಗೇ ನಿದ್ದಿ ಹೋಗ್ಯಾಳ.

ಸುಳ್ಳು ಹೇಳಿದೆ ಆಗಳೆ.
ಒಂದ್ಸಲ ತಿರುಗಿ ನೋಡಿದ್ದೆ.
ಮನಿ ಕಟ್ಟಿಸೂ ಮುಂದ ಶೇಠ ಅಂದಿದ್ದ,
"ಫೂಟಿಂದು ಬೇಕಷ್ಟು ಒಯ್ಯಿ, ರೊಕ್ಕ ಬ್ಯಾಡ."
ಒಡದ ತುಂಡು ಆರಿಸಿ ಆರಿಸಿ, ಅಂಚಿಗಿ ಅಂಚು ಹೊಂದಿಸಿ
ಅಂಗಳ ಪೂರಾ ನಾನೇ ಹಾಸಿದ್ದೆ.
ಜಗದೇವಿ ಮೊದಲ ಹೆಜ್ಜಿ ಇಟ್ಟದ್ದು
ಅವುಗಳ ಮ್ಯಾಲೇ.

ಹತ್ತರ ಮ್ಯಾಲ ನೀರೂ ಕುಡಿಬಾರದಂತ.
ಬಾಯಿ ಒಣಗ್ಯಾದ.
ಹೊರಗ ಸೇಡಂ ರೋಡಿನಾಗ ಲೋಡ ಲಾರಿ ಹೊಂಟವ.
ಸಪ್ಪಳಕ್ಕೇ ಗೊತ್ತಾಗ್ತದ:
ಹಗ್ಗ ಸಡಲ ಕಟ್ಯಾರ, ನಡುವ ಹುಲ್ಲು ಹಾಕಿಲ್ಲ.
ಎದ್ದು ಹೋಗಿ ಡ್ರೈವರಗ ಹೇಳಬೇಕನಸ್ತದ,
ತಗ್ಗು ನೋಡಿಕೋತ ಹೋಗಪಾ,
ಸಾವಕಾಶ.