ಐನೂರು ಪದ ಮೀರದಂತೆ

ಇವತ್ತು ರಾತ್ರಿ ಹನ್ನೊಂದು ಐವತ್ತೊಂಬತ್ತಕ್ಕೆ
ಅರ್ಜಿಯ ಬಾಗಿಲು ಮುಚ್ಚುತ್ತದಂತೆ.
ಈಗ ಒಂಬತ್ತೂವರೆ.
ಡುಲುತ್‌ನ ಲಾಂಡ್ರಿಯಲ್ಲಿ ಕೂತಿದ್ದೇನೆ.
ಏಳನೇ ನಂಬರಿನ ಡ್ರೈಯರಿನೊಳಗೆ
ಮಗಳ ಹಿಮದ ಪ್ಯಾಂಟು ಗಿರಕಿ ಹೊಡೆಯುತ್ತಿದೆ.
ತೊಡೆಯ ಮೇಲೆ ಶಾಲೆಯವರು ಬಿಸಾಕಿದ ಲ್ಯಾಪ್‌ಟಾಪು,
ಎಚ್ ಅಕ್ಷರದ ಕೀಲಿ ಕಿತ್ತುಹೋಗಿದೆ;
ಸ್ಕೂಲಿಗೂ ಚೈಲ್ಡಿಗೂ ಅದು ಬೇಕೇ ಬೇಕು.

‘ಶಾಲಾ ಮನೋವಿಜ್ಞಾನವನ್ನೇ ಏಕೆ ಆರಿಸಿಕೊಂಡಿರಿ?
ಐನೂರು ಪದ ಮೀರದಂತೆ ಬರೆಯಿರಿ.’

ಬರೆದೆ: ಮಕ್ಕಳೆಂದರೆ ಚಿಕ್ಕಂದಿನಿಂದಲೂ ಪ್ರೀತಿ.
ಅಳಿಸಿದೆ. ಯಾರಿಗಿಲ್ಲ?
ಪ್ರೀತಿ ಇದ್ದವರೇ ತಾನೇ
ನನ್ನ ತಮ್ಮನ ಕೈಹಿಡಿದು ಆ ಕೋಣೆಗೆ ಕರೆದೊಯ್ದದ್ದು.

ಬರೆದೆ: ಹನ್ನೊಂದು ವರ್ಷದಿಂದ ತರಗತಿ ಸಹಾಯಕಿ.
ಇದು ನಿಜ. ಆದರೆ ಕೆಲಸವೆಂದರೆ
ಮೇಜಿನ ಕೆಳಗೆ ಸೇರಿಕೊಂಡ ಓರಿನ್ ಜೊತೆ
ನಾನೂ ಹೋಗಿ ಮಂಡಿ ಮಡಚಿ ಕೂರುವುದು.
ಅವನು ಮಾತಾಡುವುದಿಲ್ಲ, ನಾನೂ ಆಡುವುದಿಲ್ಲ.
ಮೇಜಿನ ತಳಕ್ಕೆ ಮೆತ್ತಿದ ಚೂಯಿಂಗ್ ಗಮ್ ಎಣಿಸುತ್ತೇವೆ.
ಹೋದ ಮಂಗಳವಾರ ಬೆರಳಲ್ಲಿ ತೋರಿಸಿದ: ಹದಿನಾಲ್ಕು.
ನನ್ನ ಲೆಕ್ಕಕ್ಕೆ ಹದಿಮೂರು.
ಅವನದೇ ಸರಿ. ಕಾಲಿನ ಸಂದಿಯಲ್ಲಿ ಒಂದಿತ್ತು.
‘ಅನುಭವ’ದ ಕಾಲಮ್ಮಿನಲ್ಲಿ
ಇದನ್ನು ಎಷ್ಟು ಗಂಟೆ ಅಂತ ತುಂಬಲಿ?

ಶಿಫಾರಸು ಪತ್ರ ಮೂರು ಬೇಕು.
ಪ್ರಿನ್ಸಿಪಾಲರು ಬರೆದರು.
ಹಳೆಯ ಪ್ರೊಫೆಸರೂ ಬರೆದರು, ಮಾರ್ಲಿಸ್ ಅಲ್ಲದ
ಯಾವಳೋ ಮಾರ್ಲೀನಳನ್ನು ನೆನೆದು, ಆದರೂ ತುಂಬ ಚೆನ್ನಾಗಿ.
ಮೂರನೆಯದು ತಾನು ಕೊಡುತ್ತೇನೆಂದ
ಇಪ್ಪತ್ತೇಳು ವರ್ಷ ಆ ಶಾಲೆಯ ವಾಂತಿ ಒರೆಸಿದ ಹಾರ್ವೆ.
ನಿಯಮ ನೋಡಿದೆ: ಶೈಕ್ಷಣಿಕರು ಅಥವಾ ವೃತ್ತಿಪರರು ಮಾತ್ರ.
ಯಾವ ಮಗು ಯಾವ ಪರೀಕ್ಷೆಯ ಬೆಳಿಗ್ಗೆ ವಾಂತಿ ಮಾಡುತ್ತದೆ
ಅವನಿಗೆ ಗೊತ್ತಿದೆ.
ಆಗಲ್ಲ ಅಂತ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಹತ್ತು ಗಂಟೆಗೆ ತಮ್ಮನಿಗೆ ಫೋನು ಮಾಡಿದೆ.
ಐನೋ ಹಿಮ ತಳ್ಳುವ ಲಾರಿಯಲ್ಲಿದ್ದ,
ಹಿಂದೆ ರಸ್ತೆಗೆ ಬ್ಲೇಡು ಕೆರೆಯುವ ಸದ್ದು.
‘ನಿನ್ನ ವಿಷಯ ಬರೆಯಲಾ?’ ಅಂದೆ.
‘ನನ್ನದೇನು ವಿಷಯ?’

ಎರಡನೇ ಕ್ಲಾಸು. ಹದಿನೈದು ದಿನಕ್ಕೊಮ್ಮೆ
ಕಂದು ಕಾರಿನಲ್ಲಿ ಬರುತ್ತಿದ್ದ ಆ ಹೆಂಗಸು,
ಪೆಟ್ಟಿಗೆ ತುಂಬ ಕೆಂಪು ಬಿಳಿ ಮರದ ಚೌಕಗಳು.
ಊಟದ ಗಂಟೆ ಹೊಡೆಯುವಷ್ಟರಲ್ಲಿ
ಇವನಿಗೊಂದು ಎರಡಂಕಿಯ ಸಂಖ್ಯೆ ಬಂದಿತ್ತು.
ಮರುವಾರದಿಂದ ಹಜಾರದ ಕೊನೆಯ ಕೋಣೆ, ಬೇರೆ ಬಸ್ಸು.
ಅಮ್ಮ ಆ ವರದಿಯನ್ನು ನಾಲ್ಕು ಮಡಿಕೆ ಮಾಡಿ
ಹಿಟ್ಟಿನ ಡಬ್ಬದ ಹಿಂದೆ ಇಟ್ಟಳು.
ಯಾರೂ ಓದಲಿಲ್ಲ. ಎಲ್ಲರಿಗೂ ಬಾಯಿಪಾಠವಾಗಿತ್ತು.

ಬ್ಲೇಡಿನ ಸದ್ದು ನಿಂತಿತು. ಲಾರಿ ನಿಲ್ಲಿಸಿದನೇನೋ.
‘ಆಕೆಯ ಕೈಯಲ್ಲೊಂದು ಸ್ಟಾಪ್‌ವಾಚ್ ಇತ್ತಲ್ಲ,
ಅದು ಕೆಟ್ಟಿತ್ತು ಕಣೆ.
ಓಡೋದು, ತಡವರಿಸೋದು, ಮತ್ತೆ ಓಡೋದು.
ಸ್ಪ್ರಿಂಗು ಸಡಿಲ. ನಾನು ಅದನ್ನೇ ಕೇಳ್ತಾ ಕೂತಿದ್ದೆ.
ಹೇಳೋಣ ಅಂದ್ಕೊಂಡೆ.
ಆಕೆ ಬರೀತಾ ಇದ್ರು.’

ಮೂವತ್ತಾರು ವರ್ಷ ಈ ಮಾತನ್ನು
ಎಲ್ಲಿಟ್ಟುಕೊಂಡಿದ್ದೆಯೋ, ಕೇಳಬೇಕೆನಿಸಿತು.
ಕೇಳಲಿಲ್ಲ.
ನನಗೆ ಬರುವ ವಿದ್ಯೆ ಇದೊಂದೇ:
ಮೇಜಿನ ಕೆಳಗೆ ಸುಮ್ಮನೆ ಕೂರುವುದು.

‘ಬೇಕಾದ್ರೆ ಬರಿ’ ಅಂದ. ‘ಹೆಸರು ಬೇಡ.
ಆಕೆ ಕೆಟ್ಟವರಲ್ಲ. ಪೆಪ್ಪರ್‌ಮಿಂಟ್ ಕೊಟ್ಟಿದ್ರು.’
ಮತ್ತೆ ಬ್ಲೇಡು ಕೆರೆಯತೊಡಗಿತು.

ಬರೆದೆ.
ಐನೂರ ಹನ್ನೆರಡು ಪದ.
ಹನ್ನೆರಡನ್ನು ಕಡಿಯಬೇಕು:
ಮೊದಲು ‘ಉತ್ಕಟ’ ಹೋಯಿತು, ಆಮೇಲೆ ‘ಸಮರ್ಪಣಾಭಾವ’,
ಇನ್ನೂ ಹತ್ತು.
ಪೆಪ್ಪರ್‌ಮಿಂಟನ್ನು ಮಾತ್ರ ಮುಟ್ಟುವುದಿಲ್ಲ.

ಡ್ರೈಯರು ನಿಂತಿದೆ. ಪ್ಯಾಂಟಿನ ಮಂಡಿ ಇನ್ನೂ ಒದ್ದೆ.
ಅರ್ಜಿಗೆ ಎಪ್ಪತ್ತು ಡಾಲರ್ ಕೇಳುತ್ತಿದೆ ಪರದೆ,
ಜೇಬಿನಲ್ಲಿ ಮೂರು ಕ್ವಾರ್ಟರ್.
ಎರಡನ್ನು ಯಂತ್ರಕ್ಕೆ ಹಾಕಿ
ಮತ್ತೆ ಮೊದಲ ಸಾಲಿಗೆ ಬಂದೆ.