ಏರಿನಲ್ಲಿ ಮಾತ್ರ

ನಿಂತಾಗ ಇಲ್ಲ. ಇಳಿಜಾರಿನಲ್ಲಿ ಇಲ್ಲ.
ರಿಂಗ್ ರೋಡಿನಲ್ಲಿ ಅರವತ್ತು ಮುಟ್ಟಿದರೂ ಇಲ್ಲ.
ಕೆಂಪಾಂಬುಧಿ ಕೆರೆ ಬಿಟ್ಟು ಗವಿಪುರದ ಏರು ಹಿಡಿದು
ಇಪ್ಪತ್ತೈದರಲ್ಲಿ, ನಾಲ್ಕನೇ ಗೇರಿನಲ್ಲಿ,
ಬಲಗೈ ಒಂದಿಷ್ಟು ತಿರುವಿದರೆ ಸಾಕು,
ಟ್ಯಾಂಕಿನ ಕೆಳಗೆ ಯಾರೋ
ತಗಡಿನ ಡಬ್ಬಿಯಲ್ಲಿ ಹುಣಸೆಬೀಜ ಕುಲುಕಿದ ಹಾಗೆ
ಕಿಟಿಕಿಟಿಕಿಟಿ.

ಬಂಕಿನ ಹುಡುಗ ಹೇಳಿದ: ಆಯಿಲ್ ಬದಲಾಯಿಸಿ ಮೇಡಂ.
ಲ್ಯಾಬಿನ ಗೇಟು ಕಾಯುವ ವೀರಭದ್ರಯ್ಯ:
ಟೈಮಿಂಗ್ ಚೈನು ಹೋಯ್ತು, ಎಂಟು ಸಾವಿರ.
ತಮ್ಮ ಫೋನಿನಲ್ಲೇ ಕೇಳಿಸಿಕೊಂಡು: ಮಾರಿಬಿಡು.
ಆಯಿಲ್ ಬದಲಾಯಿಸಿದೆ. ಸದ್ದು
ಹಳೇ ಬಾಡಿಗೆದಾರನ ಹಾಗೆ ಕದಲಲಿಲ್ಲ.

ಗುಟ್ಟಹಳ್ಳಿಯಲ್ಲಿ, ಹಿಟ್ಟಿನ ಗಿರಣಿಗೆ ಅಂಟಿಕೊಂಡ ಶೆಡ್ಡು.
ದಸ್ತಗೀರ್ ಸಾಬರು ಏನು ಸದ್ದು ಅಂತ ಕೇಳಲಿಲ್ಲ.
"ಯಾವಾಗ?" ಅಂದರು.
ತಣ್ಣಗಿದ್ದಾಗಲೋ, ಕಾದಮೇಲೋ?
ಕ್ಲಚ್ ಹಿಡಿದರೆ ನಿಲ್ಲುತ್ತಾ? ಹಿಂದೆ ಭಾರ ಇರುತ್ತಾ?
ಅಮ್ಮನ ಎದೆನೋವಿನ ಬಗ್ಗೆ
ಯಾರೂ ಇಷ್ಟು ಕೇಳಿರಲಿಲ್ಲ.

ಗಿರಣಿಯವನಿಗೆ ಕೂಗಿದರು: ಐದು ನಿಮಿಷ ನಿಲ್ಲಿಸಪ್ಪಾ.
ಬೆಲ್ಟು ನಿಂತಿತು. ರಾಗಿ ಚೀಲ ಹಿಡಿದ ಹೆಂಗಸರೂ ಸುಮ್ಮನಾದರು.
ಉದ್ದ ಸ್ಕ್ರೂಡ್ರೈವರಿನ ಮೂತಿ ಇಂಜಿನ್ನಿಗೆ,
ಹಿಡಿ, ಕಿವಿಯ ಹಿಂದಿನ ಮೂಳೆಗೆ.
ಟ್ಯಾಪೆಟ್ಟು: ಹೊಲಿಗೆ ಮಿಷನ್ ಥರ ಓಡ್ತಿದೆ, ಬಿಡಿ.
ಚೈನು: ಹೂಂ.
ಕ್ಲಚ್ಚಿನ ಬುಟ್ಟಿ: ಅಲ್ಲೂ ಇಲ್ಲ.
ಸೈಲೆನ್ಸರಿನ ತಗಡನ್ನು ಬಟ್ಟೆ ಸುತ್ತಿ ಅದುಮಿದರು,
ಇಂಜಿನ್ ಕೂತ ಬೋಲ್ಟುಗಳಿಗೆಲ್ಲ ಸ್ಪ್ಯಾನರ್ ಹಾಕಿ ನೋಡಿದರು,
ತಾವೇ ಒಂದು ಸಲ ಏರು ಹತ್ತಿ ಬಂದರು.
"ನಂಗೆ ಸಿಗ್ಲಿಲ್ಲಮ್ಮಾ."
ಡಾಕ್ಟರ ಮುಂದೆ ಕೆಮ್ಮದ ಮಗುವಿನ ತಾಯಿಯಂತೆ ನಿಂತೆ.

"ನೀವು ಓಡಿಸಿ, ನಾನು ಹಿಂದೆ ಕೂರ್ತೀನಿ."
ಹಿಂದೆ ನೀಲಿ ಡಬ್ಬಿ. ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು.
ಏರು. ನಾಲ್ಕನೇ ಗೇರು. ಕಿಟಿಕಿಟಿ.
ಹೆಗಲ ಹಿಂದಿನಿಂದ ದನಿ:
"ಗೇರ್ ಯಾಕೆ ಇಳಿಸಲ್ಲ?"

ಅದರಲ್ಲಿ ರಕ್ತ ಒಯ್ಯೋದು ಸಾಬರೇ.
ಬೆಳಿಗ್ಗೆ ಆರರಿಂದ ಒಂಬತ್ತು ಮನೆ, ಹದಿನೇಳು ಟ್ಯೂಬು.
ಕುಲುಕಿದರೆ ಕಣ ಒಡೆದು ಮೇಲಿನ ತಿಳಿ ಕೆಂಪಾಗುತ್ತೆ,
ಲ್ಯಾಬಿನವರು ಬಿಸಾಕ್ತಾರೆ. ಮತ್ತೆ ಹೋಗಿ
ಹನುಮಂತನಗರದ ಆ ಅಜ್ಜಿಯ ತೋಳಲ್ಲಿ
ಸಿಗದ ನರ ಹುಡುಕಬೇಕು.
ಗೇರ್ ಇಳಿಸಿದರೆ ಗಾಡಿ ಎಗರುತ್ತೆ,
ಅದಕ್ಕೇ ಹಾಗೇ ಎಳಕೊಂಡು ಹೋಗ್ತೀನಿ.

ಡಬ್ಬಿ ಖಾಲಿಯಿತ್ತು. ಆದರೂ
ಮುಚ್ಚಳದ ಮೇಲಿದ್ದ ಕೈಯನ್ನು
ಸಾಬರು ಒಂದಿಷ್ಟು ಹಗುರ ಮಾಡಿದರು.
"ಪಿಸ್ಟನ್ ಇನ್ನೂ ಮೇಲೆ ಬರ್ತಾ ಇರುತ್ತೆ,
ಅಷ್ಟರಲ್ಲೇ ಬೆಂಕಿ ಹತ್ತುತ್ತೆ.
ಏರೋನ ನೆತ್ತಿ ಮೇಲೆ ಸುತ್ತಿಗೆ. ಅದೇ ಸದ್ದು.
ಇದಕ್ಕೆ ರೋಗ ಇಲ್ಲಮ್ಮಾ, ಬೈತಾ ಇದೆ ಅಷ್ಟೆ.
ಇನ್ನೊಂದು ವರ್ಷ ಬೈಸ್ಕೊಂಡ್ರೆ ರೋಗಾನೂ ಬರುತ್ತೆ."

ಮೂಲೆ ಹೋಟೆಲಿನಿಂದ ಬೈಟು ಟೀ ತರಿಸಿದರು.
ನನ್ನದು ನಾನು ಕುಡಿದೆ. ತಮ್ಮ ಲೋಟ ಹಿಡಿದು
ಮತ್ತೆ ಹಿಂದೆ ಕೂತರು.
"ಕ್ಲಚ್ ಹಿಡೀರಿ. ಒಂದು ಗೇರ್ ಕೆಳಗೆ. ಈಗ ಚೂರೇ ಚೂರು ಗಾಳಿ ಕೊಡಿ.
ತೋಳಿನ ರಬ್ಬರ್ ಪಟ್ಟಿ ಹೇಗೆ ಬಿಡ್ತೀರಿ,
ಕ್ಲಚ್ಚನ್ನೂ ಹಾಗೇ."
ಮೊದಲ ಸಲ ಟೀ ಅವರ ಅಂಗಿಗೆ.
ಎರಡನೇ ಸಲ ನನ್ನ ಬೆನ್ನಿಗೆ, ಬಿಸಿ.
ಮೂರನೇ ಸಲ, ಅವರೇ ಹೇಳಿದ್ದು,
ಟೀ ಲೋಟದ ಅಂಚಿನವರೆಗೂ ಬಂದು
ಹೊರಗೆ ಬಗ್ಗಿ ನೋಡಿ ಒಳಗೆ ಹೋಯಿತಂತೆ.

ಉಳಿದ ಎರಡು ಗುಟುಕು ಕುಡಿದು
ಗಿರಣಿಯ ಕಡೆ ಕೈ ಎತ್ತಿದರು. ಬೆಲ್ಟು ಗರಗರ ಹೊರಟಿತು.
ದುಡ್ಡು ಎಷ್ಟು ಅಂದೆ. ಅವರಿಗೆ ಕೇಳಿಸಲಿಲ್ಲ,
ಅಥವಾ ಆ ಸದ್ದಿನಲ್ಲಿ
ಕೇಳಿಸದ ಹಾಗೆ ಇದ್ದರು.